ಹಾಸನಕ್ಕೆ ಹೊಸಬರಾ? ಫಿಸಿಯೋಥೆರಪಿಗೆ ಹೋಗುವ ಮುಂಚೆ ನಂಬರ್ ಕೇಳಿ

ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಎಂಸಿಎಫ್‌ಗೋ, ಇನ್ಯಾವುದೋ ಆಫೀಸಿಗೋ ವರ್ಗವಾಗಿ ಬಂದಿರುತ್ತೀರಿ. ಸಾಮಾನು ಬಿಚ್ಚಿ ಮುಗಿಸುವಷ್ಟರಲ್ಲಿ ಅತ್ತೆಯವರ ಮಂಡಿ ಹಿಡಿದುಕೊಂಡಿರುತ್ತದೆ. ಪಕ್ಕದ ಮನೆಯವರು, "ಇಲ್ಲೇ ಒಬ್ರು ಫಿಸಿಯೋ ಇದ್ದಾರೆ, ಮನೆಗೇ ಬಂದು ನೋವಿಗೆ ಮಿಷಿನ್ನಿನಲ್ಲಿ ಕರೆಂಟ್ ಕೊಡ್ತಾರೆ" ಅನ್ನುತ್ತಾರೆ. ಹೂಂ ಅನ್ನುವ ಮುಂಚೆ ಅವರ ರಿಜಿಸ್ಟ್ರೇಷನ್ ನಂಬರ್ ಕೇಳಿ. ಬಿಪಿಟಿ, ಅಂದರೆ ಫಿಸಿಯೋಥೆರಪಿಯ ಡಿಗ್ರಿ, ನಾಲ್ಕು ವರ್ಷಕ್ಕೂ ಜಾಸ್ತಿ ಓದು. ಅಷ್ಟು ಓದಿದವರು ನಂಬರ್ ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಸಂಘದ ಹಿರಿಯರೊಬ್ಬರಿಗೆ ಸೊಂಟ ನೋವು. ಕರೆಂಟ್ ಕೊಡಲು ಬಂದಾತ ಪ್ಯಾಡ್ ಅಂಟಿಸಿ ಗುಂಡಿ ತಿರುಗಿಸಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆ ಓಡಿಬಂದು ಪ್ಲಗ್ ಕಿತ್ತರು. ಮಾವನವರ ಎದೆಯಲ್ಲಿ ಹೃದಯದ ಬಡಿತ ಸರಿಯಾಗಿಡುವ ಪೇಸ್‌ಮೇಕರ್ ಇತ್ತು, ಕರೆಂಟ್ ಅದರ ಕೆಲಸ ಕೆಡಿಸಬಹುದಿತ್ತು! ಓದಿದವರು ಮೊದಲು ಕೇಳುವುದೇ ಅದನ್ನು. ಈತ ಕೇಳಿದ್ದು ಪ್ಲಗ್ ಎಲ್ಲಿದೆ ಅಂತ ಮಾತ್ರ.

2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆ, ಅಂದರೆ ಡಾಕ್ಟರು, ನರ್ಸುಗಳಲ್ಲದ ಇತರ ಆರೋಗ್ಯ ವೃತ್ತಿಗಳಿಗೆ, ಒಂದು ಕಾಯ್ದೆ ತಂದಿದೆ. ಫಿಸಿಯೋಥೆರಪಿಯೂ ಅದರಲ್ಲಿ ಸೇರಿದೆ. ಅದರ ರಿಜಿಸ್ಟರಿನಲ್ಲಿ ಹೆಸರಿಲ್ಲದಿದ್ದರೂ ಇದೆ ಅಂತ ಸುಳ್ಳು ಹೇಳಿಕೊಂಡರೆ ಮೊದಲ ಸಲ 50,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಪಡೆಯದ ಡಿಗ್ರಿಯನ್ನು ಹೆಸರಿನ ಮುಂದೆ ಹಾಕಿಕೊಂಡರೆ ಮೊದಲ ಸಲವೇ ದಂಡ 1 ಲಕ್ಷದವರೆಗೆ ಹೋಗುತ್ತದೆ. ಹಳ್ಳಿ ಕಡೆ ಮೂಳೆ ಕಟ್ಟಿ ಎಣ್ಣೆ ಪಟ್ಟು ಹಾಕುವವರ ಕಥೆ ಬೇರೆ. ಅವರು ಫಿಸಿಯೋ ಅಂತ ಬೋರ್ಡ್ ಹಾಕಿಕೊಳ್ಳುವುದಿಲ್ಲ ಅಲ್ವಾ?

ಇದು ಮನುಷ್ಯನ ಕಾಗದ ಆಯಿತು. ಜಾಗಕ್ಕೆ ಇನ್ನೊಂದು ಕಾಗದ ಬೇಕು. ಕೆಪಿಎಂಇ ಅಂತ ಎಲ್ಲರೂ ಕರೆಯುವ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕರ್ನಾಟಕದ 2007ರ ಕಾಯ್ದೆಯ ಪ್ರಕಾರ ಫಿಸಿಯೋಥೆರಪಿ ಸೆಂಟರೂ ನೋಂದಣಿ ಆಗಿರಬೇಕು. ಸರ್ಟಿಫಿಕೇಟ್ ಬಂದವರ ಕಣ್ಣಿಗೆ ಬೀಳುವ ಹಾಗೆ ಗೋಡೆ ಮೇಲಿರಬೇಕು. ನೋಂದಣಿ ಇಲ್ಲದೆ ನಡೆಸಿದರೆ ಜೈಲೂ ಆಗಬಹುದು. ಅನುಮಾನ ಬಂದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದುಕೊಡಿ. ಕೊಟ್ಟ ದುಡ್ಡಿಗೆ ಬಿಲ್ ಇಟ್ಟುಕೊಂಡಿರಿ, ಸುಮ್ನೆ ಬಾಯಿಮಾತಿನ ದೂರು ನಿಲ್ಲುವುದು ಕಷ್ಟ.

ನಿಮ್ಮ ಮನೆಯಲ್ಲೇ ಬಿಪಿಟಿ ಓದಿದ ಮಗಳೋ ಸೊಸೆಯೋ ಇದ್ದಾರಾ? "ನಮ್ಮ ಭುಜ ಒಂಚೂರು ನೋಡಮ್ಮ" ಅಂತ ಬೀದಿಯವರು ಬಂದೇ ಬರುತ್ತಾರೆ. ಮೊದಲು ರಿಜಿಸ್ಟ್ರೇಷನ್ ಆಗಲಿ. ಮುಂದಿನ ಕೋಣೆಗೆ ಬೋರ್ಡ್ ಹಾಕುವುದಾದರೆ ಕೆಪಿಎಂಇ ಅರ್ಜಿಯನ್ನೂ ಹಾಕಿ. ಅರ್ಜಿ ತುಂಬುವುದು ತಲೆನೋವು ಅನ್ನಿಸಿದರೆ ಭಾನುವಾರ ಬೆಳಿಗ್ಗೆ ಸಂಘಕ್ಕೆ ಬನ್ನಿ, ಕೂತು ತುಂಬೋಣ.