ಮಾಗಳಿ ಬಳ್ಳಿಗೆ ನಾಳೆ ಯಾವ ಬೆಟ್ಟ? ಲೆಕ್ಕ ಹಾಕುವುದು ಹೀಗೆ

ಮಾಗಳಿ ಬೇರಿನ ಉಪ್ಪಿನಕಾಯಿ ಭರಣಿ ತೆಗೆದರೆ ಮನೆಯೆಲ್ಲ ಘಮ ಅಲ್ವಾ? ಆ ಬಳ್ಳಿ ಬೆಳೆಯುವುದು ತುಮಕೂರು ಬಳಿಯ ದೇವರಾಯನದುರ್ಗದಂಥ ಕಲ್ಲುಬೆಟ್ಟಗಳ ಬಂಡೆ ಸಂದಿಯಲ್ಲಿ. ಸೆಕೆ ಏರಿ, ಮಳೆ ಹಿಂದುಮುಂದಾದರೆ ಅದಕ್ಕೆ ಎಲ್ಲಿ ಜಾಗ ಉಳಿಯುತ್ತದೆ? ಕಂಪ್ಯೂಟರಿನಲ್ಲಿ ಅಂದಾಜು ಮಾಡಬಹುದು. ತುಮಕೂರಿನ ಕಾಲೇಜು ಮಕ್ಕಳ ಇಂಥ ಪ್ರಾಜೆಕ್ಟ್‌ಗಳನ್ನು ನೋಡುತ್ತಲೇ ಇರುತ್ತೇನೆ. ಹೆಚ್ಚಿನವು ಮೊದಲ ಹೆಜ್ಜೆಯಲ್ಲೇ ಕೆಡುತ್ತವೆ.

ಹೆಜ್ಜೆ 1: ಗಿಡ ಕಂಡ ಜಾಗಗಳ ಪಟ್ಟಿ

ಗಿಡ, ಪ್ರಾಣಿ ಎಲ್ಲೆಲ್ಲಿ ಕಂಡವು ಎಂಬ ದಾಖಲೆ ಇಡುವ ಜಿಬಿಐಎಫ್ ತಾಣದಿಂದ ಪಟ್ಟಿ ಇಳಿಸಿ ಸುಮ್ನೆ ಅಂದಾಜಿನ ಲೆಕ್ಕ ಮಾಡುವ ಮಾಡೆಲ್‌ಗೆ ಸುರಿಯಬೇಡಿ. ಒಂದೊಂದು ಸಾಲನ್ನೂ ಕ್ಯೂಜಿಐಎಸ್ ಎಂಬ ತಂತ್ರಾಂಶದಲ್ಲಿ ನಕ್ಷೆಯ ಮೇಲಿಟ್ಟು ನೋಡಿ. ದೇವರಾಯನದುರ್ಗ ಇರುವುದು 13 ಡಿಗ್ರಿ 22 ನಿಮಿಷ ಉತ್ತರದಲ್ಲಿ. ಅದನ್ನು 13.22 ಎಂದು ಬರೆದುಬಿಡುತ್ತಾರೆ. ನಿಮಿಷವನ್ನು 60ರಿಂದ ಭಾಗಿಸಬೇಕು, ಆಗ 13.37 ಬರುತ್ತದೆ. ಇಷ್ಟು ತಪ್ಪಿದರೆ ಬೆಟ್ಟದ ಬಳ್ಳಿ ಸುಮಾರು 16 ಕಿ.ಮೀ. ದಕ್ಷಿಣಕ್ಕೆ, ಬಯಲಿಗೆ ಇಳಿಯಿತು. ಅಕ್ಷಾಂಶ ರೇಖಾಂಶ ಅದಲು ಬದಲಾದರಂತೂ ಆರ್ಕ್ಟಿಕ್ ಸಮುದ್ರಕ್ಕೇ ಹೋಗುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಒಣಗಿಸಿಟ್ಟ ಗಿಡಗಳ ಸಂಗ್ರಹದ (ಹರ್ಬೇರಿಯಂ) ಹಳೆಯ ಚೀಟಿಯಲ್ಲಿ ‘ತುಮಕೂರು’ ಅಂತಷ್ಟೇ ಇದ್ದರೆ, ಆಮೇಲೆ ಯಾರೋ ಊರಿನ ನಡುಮಧ್ಯದ ಅಂಕಿ ಹಾಕಿರುತ್ತಾರೆ. ಊರಿಗೂ ಬೆಟ್ಟದ ತುದಿಗೂ ಸುಮಾರು 400 ಮೀಟರ್ ಎತ್ತರದ ವ್ಯತ್ಯಾಸ. ಸಾವಿರ ಮೀಟರ್ ಏರಿದರೆ ಸೆಕೆ ಆರೂವರೆ ಡಿಗ್ರಿ ಇಳಿಯುವ ಲೆಕ್ಕದಲ್ಲಿ ಇದು ಎರಡು ಡಿಗ್ರಿಗಿಂತ ಜಾಸ್ತಿ. ನಾವು ಹುಡುಕುತ್ತಿರುವ ಬದಲಾವಣೆಯೇ ಅಷ್ಟು! ಅಂಥ ಸಾಲುಗಳನ್ನು ಕಿತ್ತುಹಾಕಿ. ಸಂಖ್ಯೆ ಕಡಿಮೆಯಾಯಿತೆಂದು ಮರುಗಬೇಡಿ.

ಮೆಟ್ಟಿಲ ಬದಿ, ನಾಮದ ಚಿಲುಮೆ ರಸ್ತೆ ಬದಿಯ ಗಿಡಗಳೇ ಪಟ್ಟಿ ತುಂಬಿರುತ್ತವೆ. ಜನ ಓಡಾಡುವುದು ಅಲ್ಲೇ. ಒಂದು ಕಿ.ಮೀ. ಚೌಕಕ್ಕೆ ಒಂದೇ ಗುರುತು ಇಟ್ಟುಕೊಳ್ಳಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಟ್ಟದ ಹಿಂಬದಿಗೂ ಹೋಗಿ ಬನ್ನಿ. ಫೋಟೊ ಮೇಲೆ ಜಾಗದ ಹೆಸರು ಒತ್ತುವ ಉಚಿತ ಆ್ಯಪ್‌ಗಳನ್ನು ನಂಬಬೇಡಿ. ಸಿಗ್ನಲ್ ಇಲ್ಲದ ಕಡೆ ಕೆಲವು ಹಿಂದಿನ ಜಾಗವನ್ನೇ ತೋರಿಸುತ್ತವೆ. ಎರಡು ನಿಮಿಷ ನಿಂತು, ಜಿಪಿಎಸ್ ತೋರಿಸುವ ತಪ್ಪಿನ ಅಂದಾಜು 10 ಮೀಟರಿಗೆ ಇಳಿದ ಮೇಲೆ ಪುಸ್ತಕದಲ್ಲಿ ಬರೆದುಕೊಳ್ಳಿ.

ಹೆಜ್ಜೆ 2: ಹವಾಮಾನ

ವರ್ಲ್ಡ್‌ಕ್ಲಿಮ್‌ನಲ್ಲಿ (ಹವಾಮಾನ ನಕ್ಷೆಗಳ ತಾಣ) 1970ರಿಂದ 2000ರವರೆಗಿನ ಸರಾಸರಿ ಸೆಕೆ, ಮಳೆಯ 19 ಪದರಗಳು, ಅಂದರೆ ನಕ್ಷೆಗಳು, ಉಚಿತವಾಗಿ ಸಿಗುತ್ತವೆ. ಹತ್ತೊಂಬತ್ತನ್ನೂ ಹಾಕಬೇಡಿ. ಒಂದೇ ಮಾತು ಹೇಳುವ ಪದರಗಳನ್ನು ಬಿಟ್ಟು ಐದಾರು ಸಾಕು. ಬೇಸಿಗೆಯ ಸೆಕೆ, ಒಣ ತಿಂಗಳುಗಳ ಮಳೆ ಇರಲೇಬೇಕು.

ಹೆಜ್ಜೆ 3: ಮಾಡೆಲ್

ಗಿಡಕ್ಕೆ ಹೊಂದುವ ಜಾಗ ಅಂದಾಜಿಸುವ ಮ್ಯಾಕ್ಸೆಂಟ್ ತಂತ್ರಾಂಶ ಸಾಕು. ಗಿಡ ಇರುವ ಜಾಗ ಗೊತ್ತಿದ್ದರೆ ನಡೆಯುತ್ತದೆ, ಇಲ್ಲದ ಜಾಗದ ಪಟ್ಟಿ ಬೇಕಿಲ್ಲ. ಅದು ಆ ಜಾಗಗಳನ್ನು ಸುತ್ತಲಿನ ಪ್ರದೇಶದ ಜೊತೆ ಹೋಲಿಸುತ್ತದೆ; ಆ ಹೋಲಿಕೆಗೆ ಇಡೀ ಭಾರತದ ನಕ್ಷೆ ಕೊಡಬೇಡಿ. ಥಾರ್ ಮರುಭೂಮಿಯಲ್ಲಿ ಮಾಗಳಿ ಇಲ್ಲ ಎಂದು ಪತ್ತೆ ಹಚ್ಚಿಯೇ ಮಾಡೆಲ್ ಒಳ್ಳೆಯ ಅಂಕ ತೆಗೆದುಕೊಳ್ಳುತ್ತದೆ. ದಕ್ಷಿಣದ ಒಣ ಬೆಟ್ಟಸೀಮೆ ಮಾತ್ರ ಕೊಡಿ. ಮಾಡೆಲ್ ಸರಿಯೇ ಎಂದು ಪರೀಕ್ಷಿಸಲು ಬೇರೆಯದೇ ಒಂದು ಬೆಟ್ಟವನ್ನು ಪೂರ್ತಿ ಪಕ್ಕಕ್ಕಿಡಿ.

ಹೆಜ್ಜೆ 4: ಮುಂದಿನ ಕಾಲ

ಮುಂದಿನ ಸೆಕೆ, ಮಳೆ ಅಂದಾಜಿಸುವ ಜಾಗತಿಕ ಹವಾಮಾನ ಮಾಡೆಲ್‌ಗಳಲ್ಲಿ ಒಂದನ್ನೇ ನೆಚ್ಚಬೇಡಿ. ಮೂರು ನಾಲ್ಕು ಓಡಿಸಿ, ಎಲ್ಲಿ ಒಪ್ಪುತ್ತವೆ ನೋಡಿ.

ಹೆಜ್ಜೆ 5: ನಕ್ಷೆ ಹಿಡಿದು ಬೆಟ್ಟಕ್ಕೆ

ಸೆಕೆ ಏರಿದಂತೆ ಗಿಡ ಮೇಲಕ್ಕೆ ಸರಿಯಬೇಕು. ದೇವರಾಯನದುರ್ಗ ಸುಮಾರು 1,200 ಮೀಟರಿಗೆ ಮುಗಿಯುತ್ತದೆ, ಅದರಾಚೆ ಆಕಾಶ. ನಕ್ಷೆಯಲ್ಲಿ ತುದಿಯ ಚೌಕ ಬಣ್ಣ ಕಳೆದುಕೊಂಡರೆ ಅದರ ಅರ್ಥ ಇಷ್ಟು ದೊಡ್ಡದು. ಹಾಗೆಯೇ, ನಕ್ಷೆ ಒಳ್ಳೆಯದೆಂದ ಜಾಗದಲ್ಲಿ ಈಗ ಬಳ್ಳಿ ಕಾಣದಿದ್ದರೆ ತಕ್ಷಣ ಹವಾಮಾನವನ್ನು ದೂರಬೇಡಿ. ಬಂಡೆ ಬುಡದಲ್ಲಿ ಹಾರೆ ಗುರುತು ಹುಡುಕಿ. ಬೇರು ಪೂರ್ತಿ ಅಗೆದರೆ ಬಳ್ಳಿ ಸಾಯುತ್ತದೆ. ಬೇರು ಅಗೆಯುವವರಿಗೆ ದಾರಿ ತೋರಿಸಿದಂತಾಗಬಾರದು, ಅದಕ್ಕೇ ವರದಿಯಲ್ಲಿ ಬೆಟ್ಟದ ಹೆಸರಷ್ಟೇ ಬರೆಯಿರಿ, ಜಿಪಿಎಸ್ ಅಂಕಿ ಬರೆಯಲೇಬೇಡಿ.