ಹೊಸ ವಿದ್ಯೆ ಯಂತ್ರದ ಬಳಿ ಉಳಿಯಬೇಕಾದರೆ

ಲೋಹ ಕಡೆಯುವ ಹೊಸ ಟೂಲ್ ಬಂದ ವಾರ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಟೂಲ್ ಕಂಪನಿಯ ಎಂಜಿನಿಯರ್ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ಮುಂದೆ ನಿಂತು ವೇಗ ಇಷ್ಟು, ಫೀಡ್ (ಟೂಲ್ ಮುಂದೆ ಸರಿಯುವ ಪ್ರಮಾಣ) ಇಷ್ಟು ಎಂದು ತೋರಿಸಿಕೊಟ್ಟು ಹೋಗುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ರಾತ್ರಿ ಪಾಳಿ ಹಳೆಯ ವೇಗಕ್ಕೇ ಮರಳಿರುತ್ತದೆ, ಮಾಲೀಕರು ‘ಆ ಇನ್ಸರ್ಟ್ ನಮಗೆ ಆಗಿಬರಲಿಲ್ಲ’ ಎಂದು (ಇನ್ಸರ್ಟ್ ಎಂದರೆ ಟೂಲಿನ ತುದಿಯಲ್ಲಿ ಕೂರಿಸುವ, ಲೋಹ ಕತ್ತರಿಸುವ ಚಿಕ್ಕ ತುಣುಕು) ತೀರ್ಮಾನಿಸಿರುತ್ತಾರೆ. ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡ ಮೇಲೆ, ಹೊಸ ವಿದ್ಯೆಯನ್ನು ಉಳಿಸಿಕೊಳ್ಳುವ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಹೊರಗಿನ ತಿಳಿವಳಿಕೆಯ ಬೆಲೆಯನ್ನು ಗುರುತಿಸಿ, ಅರಗಿಸಿಕೊಂಡು, ಬಳಕೆಗೆ ತರುವ ಶಕ್ತಿಯು ಸಂಸ್ಥೆಯೊಳಗೆ ಮೊದಲೇ ಇರುವ ತಿಳಿವಳಿಕೆಯನ್ನು ಅವಲಂಬಿಸಿದೆ ಎಂದು ಅಮೆರಿಕದ ಸಂಶೋಧಕರಾದ ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂತಾಲ್ 1990ರಲ್ಲಿ ವಾದಿಸಿದರು. ವರ್ಕ್‌ಶಾಪಿನ ಮಟ್ಟಿಗೆ ಆ ‘ಮೊದಲೇ ಇರುವ ತಿಳಿವಳಿಕೆ’ ಎಂದರೆ ಬರೆದಿಟ್ಟ ಕೆಲಸದ ಕ್ರಮ. ಅದಿಲ್ಲದ ಕಡೆ ಹೊಸದನ್ನು ಸೇರಿಸಲು ಜಾಗವೇ ಇರುವುದಿಲ್ಲ.

ಮೊದಲ ಹಂತ: ಒಂದೇ ತೊಂದರೆಯನ್ನು ಆರಿಸಿ, ಒಂದು ವಾರ ಅಳೆದು ಬರೆದಿಡಿ.

ಎರಡನೆಯದು: ತಿಳಿವಳಿಕೆ ತರಲು ಯಂತ್ರೋಪಕರಣಗಳ ಇಮ್‌ಟೆಕ್ಸ್ ಪ್ರದರ್ಶನಕ್ಕಾಗಲಿ, ಗ್ರಾಹಕರ ಕಾರ್ಖಾನೆಗಾಗಲಿ ಹೋಗುವಾಗ ಒಬ್ಬ ಆಪರೇಟರ್ ಜೊತೆಗಿರಲೇಬೇಕು.

ಮೂರನೆಯ ಹಂತದಲ್ಲಿಯೇ ಹೆಚ್ಚಿನವರು ಎಡವುವುದು. ತಂದ ತಿಳಿವಳಿಕೆಯನ್ನು ಕೆಲಸದ ಹಾಳೆಯಾಗಿ ಬಿಡಿಸಿ ಬರೆಯಬೇಕು. ಈ ವಿಧಾನ 1940ರಲ್ಲಿ ಅಮೆರಿಕದಲ್ಲಿ ಶುರುವಾದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಕಾರ್ಯಕ್ರಮದ್ದು. ಮಹಾಯುದ್ಧದ ನಂತರ ಜಪಾನಿಗೆ ಹೋಗಿ ಟೊಯೋಟಾದ ಕಲಿಸುವ ಕ್ರಮದಲ್ಲಿ ಬೇರೂರಿತು. ಹಾಳೆಯಲ್ಲಿ ಮೂರು ಕಾಲಂ: ಹಂತ, ಮರ್ಮ, ಕಾರಣ. ಕೆಲಸ ಕೆಡಿಸುವ ಅಥವಾ ಗೆಲ್ಲಿಸುವ, ಕೈಗೆ ಪೆಟ್ಟಾಗದಂತೆ ಕಾಯುವ, ಕೆಲಸವನ್ನು ಹಗುರ ಮಾಡುವ ಸಂಗತಿ ಮಾತ್ರ ಮರ್ಮ, ಉಳಿದದ್ದನ್ನು ಬರೆಯಬೇಡಿ.

ಇನ್ಸರ್ಟ್ ಬದಲಿಸುವುದನ್ನೇ ನೋಡಿ. ಹಂತ: ಹೊಸ ಇನ್ಸರ್ಟನ್ನು ಹೋಲ್ಡರಿನಲ್ಲಿ ಕೂರಿಸುವುದು. ಮರ್ಮ: ಅದು ಕೂರುವ ಗೂಡನ್ನು ಮೊದಲು ಒರೆಸಿ ಶುಚಿ ಮಾಡುವುದು. ಕಾರಣ: ಕೂದಲೆಳೆಯಷ್ಟು ಚಿಪ್ (ಕತ್ತರಿಸಿದ ಲೋಹದ ಚೂರು) ಅಡಿಯಲ್ಲಿ ಉಳಿದರೂ ಇನ್ಸರ್ಟಿನ ಗಟ್ಟಿ ಕಾರ್ಬೈಡಿಗೆ ಪೂರ್ತಿ ಆಸರೆ ಸಿಗದೆ ಮೂಲೆ ಮುರಿಯುತ್ತದೆ, ಅಳತೆಯೂ ಜರುಗುತ್ತದೆ.

ಕಾರಣದ ಕಾಲಂ ಅನ್ನು ಖಾಲಿ ಬಿಡುವುದೇ ದೊಡ್ಡ ತಪ್ಪು. 40 ಮಿ.ಮೀ. ವ್ಯಾಸದ ಮೆದು ಉಕ್ಕಿನ ಬಾರಿಗೆ ಟೂಲ್ ಕಂಪನಿಯವರು ನಿಮಿಷಕ್ಕೆ 200 ಮೀಟರ್ ಕತ್ತರಿಸುವ ವೇಗ ಹೇಳಿದ್ದಾರೆ ಎಂದುಕೊಳ್ಳಿ. ಅಂದರೆ ಬಾರನ್ನು ತಿರುಗಿಸುವ ಸ್ಪಿಂಡಲ್ ನಿಮಿಷಕ್ಕೆ ಸುಮಾರು 1,590 ಸುತ್ತು ತಿರುಗಬೇಕು. ರಾತ್ರಿ ಹೊಸ ಸದ್ದು ಕೇಳಿ ಹೆದರಿದ ಆಪರೇಟರ್ ಓವರ್‌ರೈಡ್ ಗುಂಡಿಯನ್ನು ತಿರುಗಿಸಿ ವೇಗವನ್ನು ತೀರಾ ಇಳಿಸಿದರೆ, ಲೋಹ ಟೂಲಿನ ಅಂಚಿಗೆ ಅಂಟಿಕೊಂಡು ಫಿನಿಶ್ ಕೆಡುತ್ತದೆ, ದೂರು ಇನ್ಸರ್ಟಿನ ಮೇಲೆ ಬರುತ್ತದೆ. ‘ವೇಗ ಇಳಿಸಬೇಡಿ’ ಎಂಬ ಆಜ್ಞೆಯನ್ನು ಹೆದರಿದ ಮನುಷ್ಯ ಮೀರುತ್ತಾನೆ. ಇಳಿಸಿದರೆ ಏನಾಗುತ್ತದೆಂದು ಓದಿದವನು ಕೈ ತಡೆಯುತ್ತಾನೆ.

ಹಾಳೆಯನ್ನು ಆಫೀಸಿನಲ್ಲಿ ಕುಳಿತು ಬರೆಯಲಾಗದು. ಅತ್ಯಂತ ಪಳಗಿದ ಕೈಯ ಪಕ್ಕದಲ್ಲಿ ನಿಂತು ಕೆಲಸವನ್ನು ಮೂರು ಬಾರಿ ನೋಡಿ: ಮೊದಲ ಸಲ ಸುಮ್ಮನೆ, ಎರಡನೆಯ ಸಲ ಹಂತಗಳನ್ನು ಗುರುತಿಸುತ್ತಾ, ಮೂರನೆಯ ಸಲ ಕೈಯ ಪ್ರತಿ ಚಲನೆಗೂ ‘ಇದನ್ನು ಬಿಟ್ಟರೆ ಏನಾಗುತ್ತದೆ?’ ಎಂದು ಕೇಳುತ್ತಾ. ಒಮ್ಮೆ ನಾನು ಈ ಪ್ರಶ್ನೆ ಕೇಳಿದಾಗ, ಆಪರೇಟರ್ ಒಬ್ಬರು ಕೂಲಂಟ್ (ತಂಪುಗೊಳಿಸುವ ದ್ರವ) ನಳಿಕೆಯನ್ನು ಎರಡು ಬೆರಳಿನಷ್ಟು ಕೆಳಗೆ ಬಗ್ಗಿಸಿ, ನೀರು ಈಗ ಅಂಚಿಗೇ ಬೀಳುತ್ತದೆ ಎಂದು ತೋರಿಸಿದರು. ವರ್ಷಗಟ್ಟಲೆ ಅದು ಅವರ ಕೈಯಲ್ಲಿತ್ತು, ಯಾವ ಕಾಗದದಲ್ಲೂ ಇರಲಿಲ್ಲ.

ಸಲಹೆಗಾರರು ಕೊಡುವ ಸಿದ್ಧ ನಮೂನೆಗಳನ್ನು ದಯವಿಟ್ಟು ಕೊಳ್ಳಬೇಡಿ. ಬೇರೆಯವರ ಯಂತ್ರದ ಮರ್ಮ ನಿಮ್ಮದಕ್ಕೆ ಹೊಂದದು. ಲ್ಯಾಮಿನೇಟ್ ಮಾಡಿಸುವುದೂ ಬೇಡ, ಏಕೆಂದರೆ ತಿದ್ದಲಾಗದ ಹಾಳೆಯನ್ನು ಯಾರೂ ತಿದ್ದುವುದಿಲ್ಲ. ಎ4 ಕಾಗದ, ಪೆನ್ಸಿಲ್, ಮೇಲೆ ತಾರೀಖು ಇದ್ದರೆ ಸಾಕು.

ನಾಲ್ಕನೆಯದು ಪ್ರಯೋಗ: ಒಂದು ಯಂತ್ರ, ಒಂದು ಬದಲಾವಣೆ. ವೇಗ ಮತ್ತು ಫೀಡ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಲಾಭ ಯಾವುದರಿಂದ ಬಂತೆಂದು ಗೊತ್ತಾಗದು.

ಐದನೆಯದು ಕಲಿಸುವುದು. ಮೊದಲು ಹಂತಗಳನ್ನು, ಮತ್ತೊಮ್ಮೆ ಮರ್ಮಗಳನ್ನು, ಮೂರನೆಯ ಬಾರಿ ಕಾರಣಗಳನ್ನು ಹೇಳುತ್ತಾ ಮಾಡಿ ತೋರಿಸಿ. ಆಮೇಲೆ ಕಲಿಯುವವರು ಅದೇ ಕೆಲಸವನ್ನು ಬಾಯಿಬಿಟ್ಟು ಹೇಳುತ್ತಾ ಮಾಡಲಿ. ರಾತ್ರಿ ಪಾಳಿಗೂ ಹೀಗೆಯೇ ಕಲಿಸಬೇಕು. ಹಾಳೆ ಅಂಟಿಸಿ ಹೋಗುವ ಅಡ್ಡದಾರಿಯಿಂದ ಏನೂ ಉಳಿಯದು.

ಮೊದಲ ದಿನ ಗಂಟೆಗೊಮ್ಮೆ, ನಂತರ ದಿನಕ್ಕೊಮ್ಮೆ ಹೋಗಿ ನೋಡಿ. ಯಾರಾದರೂ ಹಾಳೆಯ ಸಾಲೊಂದನ್ನು ಹೊಡೆದುಹಾಕಿದ್ದರೆ ಕಾರಣ ಕೇಳಿ, ಅವರ ಮಾತು ಸರಿಯಿದ್ದರೆ ಅಂದೇ ಹೊಸ ತಾರೀಖು ಹಾಕಿ, ಅವರ ಕೈಯಿಂದಲೇ ಆ ಸಾಲನ್ನು ಮತ್ತೆ ಬರೆಸಿ.