ಅಕ್ಕನ ಮನೆ ಕಾಯ್ದಿದ್ದು, ಡಬ್ಬ ಅಳೆದಿದ್ದು

2023ರ ಡಿಸೆಂಬರ್ ಶುರುವಿಂದ ಎರಡೂವರೆ ತಿಂಗಳು ನಾನು ನಮ್ಮ ಮನೆಯವ್ರು ಸಾಗರದ ಹತ್ರ ಒಂದು ಹಳ್ಳಿಲಿ ಮನೆ ಕಾಯ್ಕೊಂಡಿದ್ವಿ. ಮನೆ ನಮ್ಮ ದೊಡ್ಡಮ್ಮನ ಮಗಳದ್ದು. ಅಕ್ಕ ಭಾವ ಮಗಳ ಬಾಣಂತನಕ್ಕೆ ಅಂತ ಮೆಲ್ಬರ್ನ್‌ಗೆ ಹೊರಟ್ರು, ನಾವಿಬ್ರೂ ರಿಟೈರ್ಡು, ಮೈಸೂರಲ್ಲಿ ಕೂತು ಮಾಡೋದೇನಿದೆ ಅಂತ ಒಪ್ಕೊಂಡ್ವಿ, ಮಗ ಕಾರಲ್ಲಿ ತಂದು ಬಿಟ್ಟು ಹೋದ.

ಅಕ್ಕ ನಾಲ್ಕು ಪೇಜ್ ಚೀಟಿ ಬರೆದಿಟ್ಟು ಹೋಗಿದ್ಲು. ದಿನಾ ಬಚ್ಚಲೊಲೆ ಉರಿಸ್ಬೇಕು, ಬಾಗಿಲು ಹಾಕಿರೋ ರೂಮ್‌ಗಳನ್ನ ವಾರಕ್ಕೆರಡು ಸಲ ತೆಗೀಬೇಕು, ನಾಯಿಗೆ ಮಧ್ಯಾಹ್ನ ಅನ್ನ ಹಾಕ್ಬಾರ್ದು, ಬಾಳೆಗೊನೆ ಬಲಿತ ತಕ್ಷಣ ಕಡಿದು ಒಳಗೆ ತರ್ಬೇಕು ಇಲ್ಲಾಂದ್ರೆ ಮಂಗ ಬಿಡಲ್ಲ. ದನಗಳನ್ನ ಮಾತ್ರ ಪಕ್ಕದ ಮನೆಗೆ ಒಪ್ಪಿಸಿದ್ಲು, ಪುಣ್ಯಾತ್ಗಿತ್ತಿ. ಯಾರಾದ್ರೂ ಈ ಥರ ಮನೆ ನೋಡ್ಕೊಳ್ಳೋಕೆ ಹೋಗೋದಾದ್ರೆ ನಂದೊಂದು ಮಾತು, ಮನೆಯವ್ರು ಹೊರಡೋಕೆ ಎರಡು ದಿನ ಮುಂಚೆನೇ ಹೋಗಿ ಅವರ ಹಿಂದೆನೇ ಓಡಾಡಿ. ಟ್ಯಾಂಕಿಗೆ ನೀರು ಬರೋ ಪೈಪಿನ ವಾಲ್ವ್ ಎಲ್ಲಿದೆ ಅನ್ನೋದು ಆ ನಾಲ್ಕು ಪೇಜಲ್ಲಿ ಇರ್ಲಿಲ್ಲ, ಐದನೇ ದಿನ ನೀರು ನಿಂತಾಗ ಇವ್ರು ತೋಟದಲ್ಲಿ ಎರಡು ಗಂಟೆ ಪೈಪ್ ಹಿಡ್ಕೊಂಡು ನಡೆದ್ರು. ಆ ವರ್ಷ ನೀರು ಮೊದ್ಲೇ ಕಮ್ಮಿ, ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರನೇ ಹೇಳಿತ್ತು.

ಟಿವಿ ಇತ್ತು, ಬರ್ತಿರ್ಲಿಲ್ಲ. ಫೋನಿಗೆ ಸಿಗ್ನಲ್ ಬೇಕಂದ್ರೆ ಮನೆ ಹಿಂದಿನ ದಿಬ್ಬ ಹತ್ಬೇಕು. ಮೈಸೂರಲ್ಲಿ ಒಂಬತ್ತು ಗಂಟೆ ಡಿಬೇಟ್ ಹಾಕ್ಕೊಂಡು ನಾವಿಬ್ರೂ ಅದಕ್ಕಿಂತ ಜೋರಾಗಿ ಕಿತ್ತಾಡೋರು, ಇಲ್ಲಿ ಪೇಪರ್ ಬರೋದೇ ಹತ್ತು ಗಂಟೆ ಬಸ್ಸಿಗೆ. ಡಿಸೆಂಬರ್ 3ರ ನಾಲ್ಕು ರಾಜ್ಯದ ಎಲೆಕ್ಷನ್ ರಿಸಲ್ಟ್, ತೆಲಂಗಾಣ ಕಾಂಗ್ರೆಸ್ಸಿಗೆ, ಉಳಿದ ಮೂರು ಬಿಜೆಪಿಗೆ ಅನ್ನೋದು, ಇವ್ರು ದಿಬ್ಬ ಹತ್ತಿ ನೋಡ್ಕೊಂಡು ಬಂದು ಕಾಫಿ ಕುಡೀತಾ ಹೇಳಿದ್ರು, ನಾನು ಹೂಂ ಅಂದೆ, ಅಷ್ಟೇ. 13ಕ್ಕೆ ಪಾರ್ಲಿಮೆಂಟಲ್ಲಿ ಗ್ಯಾಲರಿಯಿಂದ ಹಾರಿ ಹಳದಿ ಹೊಗೆ ಬಿಟ್ರಲ್ಲ, ಅದನ್ನ ಕೇಳಿದ್ದು ರೇಡಿಯೋದಲ್ಲಿ. ಒಬ್ಬ ಮೈಸೂರಿನ ಹುಡುಗ ಅಂದಾಗ ಮಾತ್ರ ಇಬ್ರೂ ಎದ್ದು ಕೂತ್ವಿ. ಇಂಜಿನಿಯರಿಂಗ್ ಓದಿದ ಹುಡುಗ ಯಾಕೆ ಹೀಗೆ ಮಾಡ್ದ ಅಂತ ಅವತ್ತು ರಾತ್ರಿ ಒಲೆ ಮುಂದೆ ತುಂಬಾ ಹೊತ್ತು ಮಾತಾಡಿದ್ವಿ, ಕಿರುಚಾಟ ಇಲ್ದೆ, ಯಾಕಂದ್ರೆ ಹೊಗೆಗೆ ಇಬ್ರ ಕಣ್ಣಲ್ಲೂ ನೀರು.

ಜಗಳಕ್ಕೆ ನಮ್ಮ ಖಾಯಂ ಟಾಪಿಕ್ ಗ್ಯಾರಂಟಿ. ಬಿಟ್ಟಿ ಭಾಗ್ಯ ಅಂತ ಇವ್ರು, ಹೆಂಗಸ್ರ ಕೈಗೆ ಎರಡು ಸಾವಿರ ಬಂದ್ರೆ ನಿಮಗೇನ್ರೀ ಹೊಟ್ಟೆ ಉರಿ ಅಂತ ನಾನು. ಶಕ್ತಿ ಬಸ್ ಶುರುವಾದ 2023ರ ಜೂನ್ 11ರಿಂದ ನಡೀತಾನೇ ಇದೆ ಇದು. ಅಡಿಕೆ ಸುಲಿಯೋಕೆ ಬರೋ ಹೆಂಗಸ್ರ ಮುಂದೇನೂ ಒಂದು ಸಂಜೆ ಶುರು ಹಚ್ಕೊಂಡ್ವಿ. ಆರು ಜನ ಅಂಗಳದಲ್ಲಿ ಮೆಟ್ಟುಗತ್ತಿ ಹಾಕ್ಕೊಂಡು ಕೂತಿದ್ರು. ಅವರಲ್ಲಿ ಹಿರಿಯಾಕೆ ಕೈ ನಿಲ್ಲಿಸ್ದೆ ಅಂದ್ಲು, "ಎಂತ ಫ್ರೀ ಬಸ್ಸಮ್ಮ, ನಮ್ಮೂರಿಗೆ ಬರೋದು ಪ್ರೈವೇಟ್ ಬಸ್ಸು, ಸಾಗರಕ್ಕೆ ಹೋಗಿ ಬರಕ್ಕೆ ದುಡ್ಡು ಕೊಟ್ಟೇ ಹೋಗ್ತೀವಿ." ಆರು ತಿಂಗಳಿಂದ ಗಂಡ ಹೆಂಡ್ತಿ ಜಗಳ ಆಡಿದ ಬಸ್ಸು ಈ ರೋಡಿಗೆ ಬರೋದೇ ಇಲ್ಲ! ಮಲೆನಾಡಲ್ಲಿ ಎಷ್ಟೋ ರೂಟ್ ಹಿಂಗೇ ಅಂತ ಆಮೇಲೆ ಗೊತ್ತಾಯ್ತು. ಗೃಹಲಕ್ಷ್ಮಿ ದುಡ್ಡು ಮಾತ್ರ ನಾಲ್ಕು ಜನಕ್ಕೆ ಬಂದಿತ್ತು, ಇಬ್ರದ್ದು ಆಧಾರ್ ಲಿಂಕ್ ಅಂತ ನಿಂತಿತ್ತು, ಆ ಇಬ್ರ ಪೇಪರ್‌ಗಳನ್ನ ಇವ್ರೇ ಕನ್ನಡಕ ಹಾಕ್ಕೊಂಡು ನೋಡಿಕೊಟ್ರು, ಬಿಟ್ಟಿ ಭಾಗ್ಯದ ಮೇಷ್ಟ್ರು.

ಸುಲಿದಿದ್ದನ್ನ ಅಳೆದು ಬರ್ಕೊಳ್ಳೋದು ನನ್ನ ಕೆಲಸ, ಡಬ್ಬದ ಲೆಕ್ಕದಲ್ಲಿ ಕೂಲಿ. ಅಕ್ಕನ ಚೀಟಿಲಿ "ಡಬ್ಬ ಗುಡ್ಡೆ ಬರೋ ಹಾಗೆ ತುಂಬಿಸ್ಕೊ" ಅಂತ ಇತ್ತು, ನಾನೂ ಬ್ಯಾಂಕಲ್ಲಿ ಮೂವತ್ತು ವರ್ಷ ಮ್ಯಾನೇಜರ್ ಹೇಳಿದಂಗೆ ಮಾಡಿದೋಳು, ಹಾಗೇ ಮಾಡ್ತಿದ್ದೆ. ಒಂದಿನ ಇವ್ರು ಕಾಗೋಡಿಗೆ ಹೋಗ್ಬಂದ್ರು. ಅಲ್ಲೇ ಹತ್ರ, 1951ರಲ್ಲಿ ಗೇಣಿದಾರ್ರು ಸತ್ಯಾಗ್ರಹ ಮಾಡಿದ ಊರು, ಸೋಷಲಿಸ್ಟ್ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದು ಅದೇ ಸತ್ಯಾಗ್ರಹಕ್ಕೆ. ಇವ್ರು ಹಿಸ್ಟರಿ ಮೇಷ್ಟ್ರು, ಊಟಕ್ಕೆ ಕೂತಾಗ ಪಾಠ ಶುರುವಾಯ್ತು, ಜಗಳ ಹುಟ್ಟಿದ್ದು ಒಂದು ಅಳತೆಗೆ ಕಣೇ, ಗೇಣಿ ಭತ್ತ ಅಳಿಯೋ ಕೊಳಗನ ಒಡೆಯರು ದೊಡ್ಡದು ಇಟ್ಕೊಂಡಿದ್ರು... ಅಂತ ಹೇಳ್ತಾ ಹೇಳ್ತಾ ಜಗಲಿ ಮೇಲಿದ್ದ ಡಬ್ಬದ ಕಡೆ ನೋಡಿ ಸುಮ್ನಾದ್ರು. ನಾನೂ ನೋಡ್ದೆ. ಸಾರು ಆರಿ ಹೋಯ್ತು.

ಮಾರನೇ ದಿನದಿಂದ ಡಬ್ಬದ ಬಾಯಿಗೆ ಸಮ ಕೈ ಸವರಿ ಅಳೆದೆ. ಹೆಂಗಸ್ರು ಏನೂ ಅನ್ಲಿಲ್ಲ, ಒಬ್ಬಳು ಇನ್ನೊಬ್ಬಳ ಮುಖ ನೋಡಿದ್ಲು ಅಷ್ಟೇ. ಲೆಕ್ಕದಲ್ಲಿ ಕೂಲಿ ಜಾಸ್ತಿ ಆಗಿರೋದು ಅಕ್ಕನಿಗೆ ಗೊತ್ತಾಗೇ ಗೊತ್ತಾಗತ್ತೆ ಅಂತ ದಿಬ್ಬ ಹತ್ತಿ ನಾನೇ ವಾಯ್ಸ್ ಮೆಸೇಜ್ ಹಾಕ್ದೆ. "ಇಲ್ಲಿ ಎಲ್ಲರ ಮನೇಲೂ ಹಂಗೇ ಕಣೇ, ನೀನೊಬ್ಳು ಶುರು ಮಾಡಿದ್ರೆ ಮುಂದಿನ ವರ್ಷ ನಾನೇನು ಮಾಡ್ಲಿ" ಅಂತ ಉತ್ತರ ಬಂತು. ಅವಳು ಹೇಳೋದರಲ್ಲೂ ನ್ಯಾಯ ಇದೆ, ಎಲೆಚುಕ್ಕೆ ರೋಗ ಬಂದು ಆ ತೋಟದಲ್ಲಿ ಅರ್ಧ ಮರ ಸೊರಗಿದ್ವು. ವ್ಯತ್ಯಾಸದ ದುಡ್ಡು ನಾವೇ ಹಾಕಿದ್ವಿ, ಅದೂ ಸರಿಯಾದ ದಾರಿ ಅಂತ ನನಗೆ ಈಗ್ಲೂ ಅನ್ಸಲ್ಲ.

ಫೆಬ್ರವರಿಲಿ ಅವ್ರು ಬಂದ್ರು. ನಾಯಿ, ವಾಲ್ವ್, ಕೂಲಿ ಬುಕ್ ಎಲ್ಲ ಒಪ್ಪಿಸಿ ಹೊರಟ್ವಿ. ಹಳ್ಳಿಯಿಂದ ಸಾಗರಕ್ಕೆ ಪ್ರೈವೇಟ್ ಬಸ್ಸಲ್ಲಿ ಇಬ್ರಿಗೂ ದುಡ್ಡು. ಸಾಗರದಲ್ಲಿ ಸರ್ಕಾರಿ ಬಸ್ ಹತ್ತಿ ಆಧಾರ್ ತೋರಿಸ್ದೆ, ಕಂಡಕ್ಟರ್ ನನ್ನ ಝೀರೋ ಟಿಕೆಟ್ ಹರಿದು ಕೊಟ್ಟ. ಇವ್ರು ಅದನ್ನ ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿ ಓದಿ, ತಮ್ಮ ಟಿಕೆಟ್ ಜೊತೆ ಮಡಚಿ ಜೇಬಿಗೆ ಹಾಕ್ಕೊಂಡ್ರು.